ವಾಚಿಗೆ ಗೊತ್ತಾದದ್ದು ಯಾರಿಗೆ ಗೊತ್ತಾಗಬೇಕು?

ಬೈಪೋಲಾರ್ ಕಾಯಿಲೆ ಇರುವವರಲ್ಲಿ ಉನ್ಮಾದದ ಹಂತ ಶುರುವಾಗುವ ಮುನ್ನ ಎಷ್ಟೋ ಸಲ ನಿದ್ದೆ ಕಡಿಮೆಯಾಗುತ್ತದೆ. ಮಾತು, ಓಡಾಟ, ಖರ್ಚು ಹೆಚ್ಚುತ್ತವೆ. ಊರಲ್ಲಿದ್ದರೆ ಅಮ್ಮ ಇದನ್ನು ಎರಡೇ ದಿನದಲ್ಲಿ ಪತ್ತೆಹಚ್ಚುತ್ತಾಳೆ. ಪುಣೆಯ ಫ್ಲ್ಯಾಟಿನಲ್ಲಿ ಒಬ್ಬನೇ ಇರುವ ಹುಡುಗನ ಜೊತೆ ರಾತ್ರಿಯಿಡೀ ಇರುವುದು ಫೋನು ಮತ್ತು ಕೈಗೆ ಕಟ್ಟಿದ ವಾಚು ಮಾತ್ರ. ಹಾಗಾಗಿ ಅವುಗಳಿಂದಲೇ ಕಾಯಿಲೆಯ ಸುಳಿವು ಹಿಡಿಯುವ ಯೋಚನೆಯನ್ನು ನಾನು ತಳ್ಳಿಹಾಕಲಾರೆ.

2013ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ 48 ವಿದ್ಯಾರ್ಥಿಗಳ ಫೋನುಗಳಿಂದ 10 ವಾರ ಮಾಹಿತಿ ಸಂಗ್ರಹಿಸಿದ ‘ಸ್ಟೂಡೆಂಟ್‌ಲೈಫ್’ ಅಧ್ಯಯನ, ನಿದ್ದೆ ಮತ್ತು ಮಾತುಕತೆಗಳಿಗೂ ಖಿನ್ನತೆಗೂ ನಂಟು ಇರುವುದನ್ನು ತೋರಿಸಿತು. ನಂಟು, ಅಷ್ಟೇ. ರಿಲೀಸ್ ವಾರದಲ್ಲಿ ನಮ್ಮ ಟೀಮಿನವರ ನಿದ್ದೆಯ ಗ್ರಾಫು ನೋಡಿದರೆ ಯಾವ ಅಲ್ಗಾರಿದಮ್ಮಾದರೂ ಆಂಬುಲೆನ್ಸ್ ಕರೆದೀತು! ಅಮ್ಮನಾದರೆ ‘ಯಾಕೋ, ನಿದ್ದೆ ಮಾಡಿಲ್ವಾ?’ ಅಂತ ಕೇಳಿ ಉತ್ತರಕ್ಕೆ ಕಾಯುತ್ತಾಳೆ. ಅಲರ್ಟು ನೇರ ವರದಿ ಮಾಡುತ್ತದೆ.

ಯಾರಿಗೆ ವರದಿ? 2017ರಲ್ಲಿ ಅಮೆರಿಕದ ಎಫ್‌ಡಿಎ ‘ಅಬಿಲಿಫೈ ಮೈಸೈಟ್’ ಎಂಬ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಔಷಧಿಯೊಳಗೆ ಪುಟ್ಟ ಸೆನ್ಸರ್. ಮಾತ್ರೆ ನುಂಗಿದ ಸುದ್ದಿ ಮೈಗಂಟಿಸಿದ ಪಟ್ಟಿಯ ಮೂಲಕ ಫೋನಿಗೆ ಹೋಗುತ್ತದೆ. ಯಾರೋ ತನ್ನನ್ನು ಸದಾ ಗಮನಿಸುತ್ತಿದ್ದಾರೆ ಎಂಬ ಭಯವೇ ಲಕ್ಷಣವಾಗಿರಬಹುದಾದ ಕಾಯಿಲೆಗೆ ನಿಜಕ್ಕೂ ಗಮನಿಸುವ ಮಾತ್ರೆ. ರೋಗಿ ಒಪ್ಪಿದರೆ ಮಾತ್ರ ವೈದ್ಯರಿಗೆ, ಮನೆಯವರಿಗೆ ಮಾಹಿತಿ ಕಾಣುತ್ತದೆ ಅನ್ನುವುದು ಸರಿ. ಆದರೆ ಒಪ್ಪಿಗೆ ಕೇಳುವವರು ಊಟ ಹಾಕುವ ಅಣ್ಣನೋ ಸಂಬಳ ಕೊಡುವ ಕಂಪನಿಯೋ ಆದಾಗ, ‘ಬೇಡ’ ಅನ್ನುವುದೇ ಕಾಯಿಲೆಯ ಲಕ್ಷಣದಂತೆ ಕಾಣಿಸೀತು.

ಹಾಗೆಂದು ಖಾಸಗಿತನದ ಹೆಸರು ಹೇಳಿ ಕೈತೊಳೆದುಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಉನ್ಮಾದ ಏರಿದಾಗ ತಮಗೆ ಕಾಯಿಲೆ ಇದೆ ಎಂಬುದೇ ಹಲವರಿಗೆ ತೋಚುವುದಿಲ್ಲ. ಆಗ ಒಪ್ಪಿಗೆ ಕೇಳಿ ಏನು ಫಲ? ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಇದಕ್ಕೊಂದು ದಾರಿಯಿದೆ. ಮುಂದೆ ಕಾಯಿಲೆ ಬಿದ್ದಾಗ ಎಂಥ ಆರೈಕೆ ಬೇಕು, ಎಂಥದ್ದು ಬೇಡ, ತಮ್ಮ ಪರವಾಗಿ ಯಾರು ನಿಲ್ಲಬೇಕು ಎಂದು ವಯಸ್ಕರು ಮೊದಲೇ ಬರೆದಿಡಬಹುದು. ವಾಚಿನ ಮಾಹಿತಿಗೂ ಇದೇ ಕ್ರಮ ಬರಲಿ. ಚೆನ್ನಾಗಿರುವ ದಿನ ಆ ಹುಡುಗನೇ ಬರೆದಿಡಲಿ: ಮೂರು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆ ಮಾಡಿದರೆ ಮೊದಲು ನನಗೆ ಹೇಳಿ, ನಾನು ಸುಮ್ಮನಿದ್ದರೆ ಅಕ್ಕನಿಗೆ, ಆಮೇಲೆ ಡಾಕ್ಟರಿಗೆ. ಆಫೀಸಿಗೆ ಬೇಡ.