ತೊಗಲು ಏನು ಬೇಡುತ್ತದೆ?

ಮುಂಡರಗಿ ಕಡೆ ಜೋಳದ ರಾಶಿ ಮಾಡಿದವರ ಕುತ್ತಿಗೆಗೆ ಸುಂಕು ಹತ್ತಿದರೆ ‘ಕಡಿಯಾಕತ್ತೈತಿ’ ಅನ್ನುತ್ತಾರೆ. ಲಕ್ಷ್ಮೇಶ್ವರದ ಸೀಮೆಯಲ್ಲಿ ಒಣಮೆಣಸಿನಕಾಯಿ ತೊಟ್ಟು ಬಿಡಿಸಿದವರು ‘ಕೈ ಉರಿಯಾಕತ್ತೈತಿ’ ಅನ್ನುತ್ತಾರೆ. ಪ್ರವಚನಕ್ಕೆ ಚಕ್ಕಳಮಕ್ಕಳ ಹಾಕಿ ಕೂತವರ ಕಾಲಿಗೆ ಜೋಮು ಹಿಡಿಯುತ್ತದೆ. ಒಂದರ ಮಾತನ್ನು ಇನ್ನೊಂದಕ್ಕೆ ಯಾರೂ ಬಳಸುವುದಿಲ್ಲ. ತರ್ಕಶಾಸ್ತ್ರ ಮಾತ್ರ ಇಷ್ಟು ಉದಾರವಾಗಿಲ್ಲ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಸ್ಪರ್ಶ ಮೂರೇ ಬಗೆ: ಶೀತ, ಉಷ್ಣ, ಎರಡೂ ಅಲ್ಲದ್ದು. ಕಡಿತಕ್ಕೆ ಅಲ್ಲಿ ಜಾಗವಿಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಶೀತ ನೀರಿನ ಗುಣ, ಉಷ್ಣ ಬೆಂಕಿಯ ಗುಣ. ಕಡಿತವನ್ನು ಸುಂಕಿನ ಗುಣವೆಂದು ಯಾರು ಹೇಳಿಯಾರು? ಅದು ಮೈಯಲ್ಲಿ ಹುಟ್ಟಿ ಕೈಯನ್ನು ಕರೆಯುತ್ತದೆ. ತೊಗಲಿನ ಅನುಭವಗಳು ಒಂದರಿಂದೊಂದು ಬೇರೆಯಾಗುವುದು ಅವು ನಮ್ಮಿಂದ ಏನು ಬೇಡುತ್ತವೆ ಎಂಬುದರಿಂದ ಎಂದು ನನ್ನ ವಾದ. ಉರಿ ಕೈ ಹಿಂದೆಳೆ ಅನ್ನುತ್ತದೆ, ಕಡಿತ ಕೈ ತಾ ಅನ್ನುತ್ತದೆ, ಜೋಮು ತಡಿ ಅನ್ನುತ್ತದೆ. ಕಚಗುಳಿಗಂತೂ ಇನ್ನೊಬ್ಬರೇ ಬೇಕು; ತನಗೆ ತಾನೇ ಇಟ್ಟುಕೊಂಡರೆ ನಗು ಬಾರದು.

ನೈಯಾಯಿಕ ಸುಮ್ಮನಿರಲಾರ. ಕಡಿತ ಸ್ಪರ್ಶವೇ ಅಲ್ಲ, ಆತ್ಮದ ಗುಣವಾದ ದುಃಖ, ಸಣ್ಣ ನೋವು ಎಂದಾನು. ಹಾಗಿದ್ದರೆ ತುರಿಸಿಕೊಳ್ಳುವಾಗ ಸುಖ ಯಾಕೆ? ನೋಯುವ ಕಡೆ ಯಾರೂ ಉಗುರು ಹಾಕುವುದಿಲ್ಲ. ಕಡಿಯುವ ಕಡೆ ರಕ್ತ ಬಂದರೂ ಬಿಡುವುದಿಲ್ಲ. ನರ ಒಂದೇ, ಹೆಸರಷ್ಟೇ ಹಲವು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಮೆಣಸಿನಕಾಯಿಯ ಮಟ್ಟಿಗೆ ಅದು ನಿಜ ಕೂಡ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೆ ತೆರೆದುಕೊಳ್ಳುವ ಗ್ರಾಹಕವನ್ನೇ ಅದರ ಕ್ಯಾಪ್ಸೈಸಿನ್ ತೆರೆಯುತ್ತದೆ; ಈ ಶೋಧಕ್ಕಾಗಿ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಬೆಂಕಿಗೂ ಮೆಣಸಿನಕಾಯಿಗೂ ‘ಉರಿ’ ಎಂದ ಮಂದಿ ಅಲ್ಲಿಗೆ ತಪ್ಪಲಿಲ್ಲ. ಕಡಿತದ ದಾರಿ ಬೇರೆ. ತುರಿಕೆಗೆ ಬೇಕಾದ, ನೋವಿಗೆ ಬೇಡವಾದ ಗ್ರಾಹಕವೊಂದು 2007ರಲ್ಲಿ ಇಲಿಯ ಬೆನ್ನುಹುರಿಯಲ್ಲಿ ಸಿಕ್ಕಿತು.

ಬೇಡುವ ತೊಗಲಿಗೆ ಹೊಂದುವ ಜೋಡಣೆಯೊಂದು ಶರಣರಲ್ಲಿದೆ. ಅವರ ಷಟ್‌ಸ್ಥಲದ ಲೆಕ್ಕದಲ್ಲಿ ಮೂಗು ಆಚಾರಲಿಂಗಕ್ಕೆ, ನಾಲಗೆ ಗುರುಲಿಂಗಕ್ಕೆ, ತೊಗಲು ಜಂಗಮಲಿಂಗಕ್ಕೆ ಮುಖ. ಜಂಗಮ ಚಲಿಸುವವನು, ಬಾಗಿಲಿಗೆ ಬಂದು ಭಿಕ್ಷೆ ಬೇಡುವವನು. ತೋಂಟದಾರ್ಯ ಮಠ, ಅನ್ನದಾನೀಶ್ವರ ಮಠಗಳ ಈ ಸೀಮೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಿಲ್ಲ. ಶರಣರು ಸ್ಪರ್ಶಸುಖವನ್ನು ಲಿಂಗಕ್ಕೆ ಅರ್ಪಿಸಹೊರಟವರು, ತುರಿಕೆಯನ್ನು ವರ್ಗೀಕರಿಸಲು ಕೂತವರಲ್ಲ ಎಂದರೆ ಒಪ್ಪತಕ್ಕದ್ದೇ. ಅವರು ಹೇಳದ ಅರ್ಥವನ್ನು ನಾನು ಹಚ್ಚುತ್ತಿದ್ದೇನೆ. ಆದರೂ ವಸ್ತುವಿನ ಗುಣ ಎಣಿಸುವ ಪಟ್ಟಿಗಿಂತ ಈ ಜೋಡಣೆಯೇ ತೊಗಲಿನ ಸ್ವಭಾವಕ್ಕೆ ಹತ್ತಿರ. ಬೇಡಿಕೆ ನಿಂತರೆ ಏನಾಗುತ್ತದೆಂಬುದಕ್ಕೆ ಕುಷ್ಠರೋಗವೇ ಸಾಕ್ಷಿ: ಅದರ ತಿಳಿಬಣ್ಣದ ಮಚ್ಚೆ ಸಾಮಾನ್ಯವಾಗಿ ಕಡಿಯುವುದಿಲ್ಲ, ನೋಯುವುದಿಲ್ಲ, ಅದಕ್ಕೇ ಎಷ್ಟೋ ದಿನ ಯಾರೂ ಗಮನಿಸುವುದಿಲ್ಲ. ಮುಟ್ಟಿದರೂ ತಿಳಿಯದ ಮಚ್ಚೆ ಮೈಮೇಲೆ ಕಂಡರೆ ತಡಮಾಡದೆ ತೋರಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧ ಉಚಿತ.