ಚಾಲಕನಿಲ್ಲದ ವಾಹನ ಮತ್ತು ಪ್ರಮಾದದ ಹೊಣೆ

ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡಬೇಕೆಂಬುದು ಮುನಿಗಳ ಈರ್ಯಾಸಮಿತಿ. ಶ್ರಾವಕರಾದ ನಾವು ಅದನ್ನು ಪೂರ್ಣವಾಗಿ ಪಾಲಿಸಲಾರೆವಾದರೂ ಅದರ ಹಿಂದಿನ ತತ್ತ್ವ ನಮಗೂ ಅನ್ವಯಿಸುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ, ಪ್ರಮಾದದಿಂದ ಕೂಡಿದ ವರ್ತನೆಯನ್ನು ಅದರ ಮೂಲವಾಗಿ ಮುಂದಿಟ್ಟಿದ್ದಾರೆ. ಹಾಗಾದರೆ ರಸ್ತೆಯನ್ನು ನೋಡುವ ಕಣ್ಣೂ ಬ್ರೇಕ್ ಒತ್ತುವ ಕಾಲೂ ಯಂತ್ರದ್ದೇ ಆದಾಗ ಪ್ರಮಾದ ಯಾರದು?

ಈ ಪ್ರಶ್ನೆ ಕೇವಲ ಕಲ್ಪನೆಯಲ್ಲ. ಅಮೆರಿಕದ ಸರ್ಕಾರ ಇಂತಹ ವಾಹನಗಳ ಸಂಶೋಧನೆಯಲ್ಲಿ ಹಲವು ದಶಕಗಳಿಂದ ತೊಡಗಿದೆ. 2012ರಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್ ನಗರದಲ್ಲಿ ಸುಮಾರು 2,800 ವಾಹನಗಳಿಗೆ ರೇಡಿಯೋ ಸಾಧನ ಅಳವಡಿಸಿ, ಅವು ತಮ್ಮ ಸ್ಥಾನ ಮತ್ತು ವೇಗವನ್ನು ಸೆಕೆಂಡಿಗೆ 10 ಬಾರಿ ಪರಸ್ಪರ ತಿಳಿಸುವಂತೆ ಮಾಡಿ ಪರೀಕ್ಷಿಸಲಾಯಿತು. ಕಣ್ಣಿಗೆ ಕಾಣದ ವಾಹನದ ಎಚ್ಚರಿಕೆ ಮೊದಲೇ ದೊರೆತರೆ ಜೀವ ಉಳಿಯುತ್ತದೆಂಬುದು ಉದ್ದೇಶ. ಈ ಸಾಧನವನ್ನು ಹೊಸ ಕಾರುಗಳಲ್ಲಿ ಕಡ್ಡಾಯಗೊಳಿಸುವ ಪ್ರಸ್ತಾವ 2017ರಲ್ಲಿ ಬಂದು, 2023ರಲ್ಲಿ ಕೈಬಿಡಲ್ಪಟ್ಟಿತು.

ಈ ನಡುವೆ, 2018ರ ಮಾರ್ಚ್ 18ರ ರಾತ್ರಿ, ಅರಿಜೋನಾದ ಟೆಂಪಿ ನಗರದಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು, ಪರೀಕ್ಷೆಯಲ್ಲಿದ್ದ ಸ್ವಯಂಚಾಲಿತ ಕಾರು ಬಡಿದು ಮೃತರಾದರು. ಆ ದೇಶದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯ ಪ್ರಕಾರ, ಯಂತ್ರವು 5.6 ಸೆಕೆಂಡು ಮೊದಲೇ ಅವರನ್ನು ಕಂಡಿತ್ತು. ಒಮ್ಮೆ ವಾಹನವೆಂದೂ, ಒಮ್ಮೆ ಯಾವುದೋ ವಸ್ತುವೆಂದೂ, ಒಮ್ಮೆ ಸೈಕಲ್ಲೆಂದೂ ಗ್ರಹಿಸಿತು. ನಡೆದು ಹೋಗುತ್ತಿರುವ ಮನುಷ್ಯರೆಂದು ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ. ನಿಗದಿತ ಸ್ಥಳದಾಚೆಗೂ ಜನರು ರಸ್ತೆ ದಾಟಬಹುದೆಂಬ ವಿಚಾರವೇ ಅದರ ರಚನೆಯಲ್ಲಿರಲಿಲ್ಲ. ನಿಗಾ ವಹಿಸಬೇಕಿದ್ದ ವ್ಯಕ್ತಿಯ ದೃಷ್ಟಿ ಫೋನಿನ ಮೇಲಿತ್ತು. ನ್ಯಾಯಾಲಯದಲ್ಲಿ ಶಿಕ್ಷೆಯಾದದ್ದು ಆ ಒಬ್ಬ ವ್ಯಕ್ತಿಗೆ.

ಆದರೆ ನಮ್ಮ ಶಾಸ್ತ್ರ ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಎಣಿಸುತ್ತದೆ. ಯಂತ್ರ ಅಜೀವ, ಅದಕ್ಕೆ ಕಷಾಯವಿಲ್ಲ, ಪ್ರಮಾದವಿಲ್ಲ, ಕರ್ಮಬಂಧವೂ ಇಲ್ಲ. ಹಾಗೆಂದು ಪ್ರಮಾದ ಮಾಯವಾಗುವುದಿಲ್ಲ. ಅದು ಯಂತ್ರವನ್ನು ರಚಿಸಿದವರಿಗೆ, ರಸ್ತೆಗಿಳಿಸಿದವರಿಗೆ, ಅನುಮತಿ ಕೊಟ್ಟವರಿಗೆ ಹಂಚಿಹೋಗುತ್ತದೆ. ಹಂಚಿದಷ್ಟೂ ಪ್ರತಿಯೊಬ್ಬನಿಗೂ ತನ್ನ ಪಾಲು ಕಾಣದಾಗುವುದೇ ಇಲ್ಲಿರುವ ದೊಡ್ಡ ಅಪಾಯ.

ಮನುಷ್ಯ ಚಾಲಕರೂ ನಿದ್ರೆ, ಮದ್ಯ, ಕೋಪಗಳಿಗೆ ವಶರಾಗಿ ಕೊಲ್ಲುವುದಿಲ್ಲವೇ, ಯಂತ್ರಕ್ಕೆ ಆ ದೋಷಗಳಿಲ್ಲವಲ್ಲ ಎಂದು ಕೇಳಬಹುದು. ಮಾತು ನಿಜ, ಆದ್ದರಿಂದಲೇ ಈ ಸಂಶೋಧನೆ ನಿಲ್ಲಬೇಕೆಂದು ನಾನು ಹೇಳಲಾರೆ. ಆದರೆ ನಾಳೆ ಉಳಿಯಬಹುದಾದ ಜೀವಗಳನ್ನು ಜಮಾ ಕಡೆ ಬರೆದು, ಪರೀಕ್ಷೆಗೆ ಒಪ್ಪಿಗೆಯನ್ನೇ ಕೊಡದ ಪಾದಚಾರಿಯ ಜೀವವನ್ನು ಖರ್ಚು ಹಾಕುವ ಲೆಕ್ಕವನ್ನು ಅಹಿಂಸೆ ಒಪ್ಪದು.

ನಾನು ವ್ಯಾಪಾರಿ. ನನ್ನ ಅಂಗಡಿಯ ತಕ್ಕಡಿಗೂ ತೂಕದ ಬಟ್ಟುಗಳಿಗೂ ಸರ್ಕಾರದ ಮುದ್ರೆ ಬೀಳಬೇಕು; ಸರಿಯಾಗಿದೆಯೆಂದು ನಾನೇ ಹೇಳಿಕೊಂಡರೆ ಸಾಲದು. ಆದರೆ 2018ರಲ್ಲಿ ಅಮೆರಿಕದ ಕೇಂದ್ರ ಸರ್ಕಾರಕ್ಕೆ ಸುರಕ್ಷತೆಯ ಸ್ವವಿಮರ್ಶೆಯನ್ನು ಒಪ್ಪಿಸುವುದು ಪರೀಕ್ಷೆ ನಡೆಸುವ ಸಂಸ್ಥೆಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. ಅದನ್ನು ಕಡ್ಡಾಯ ಮಾಡಬೇಕೆಂದು ತನಿಖಾ ಮಂಡಳಿ 2019ರಲ್ಲಿ ಶಿಫಾರಸು ಮಾಡಿತು. 2021ರಲ್ಲಿ ಅಪಘಾತಗಳ ವರದಿ ಕಡ್ಡಾಯವಾಯಿತು. ಅದು ಒಳ್ಳೆಯದೇ, ಆದರೆ ಸಾವಿನ ನಂತರದ ವರದಿ ಬರೀ ಲೆಕ್ಕ, ಮೊದಲೇ ಬೀಳುವ ಮುದ್ರೆ ಯತ್ನಾಚಾರ.

ವಾಹನಗಳ ತಂತ್ರಾಂಶ ಬರೆಯುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರು. ಅವರು ರಜೆಗೆ ಬಂದಾಗ ಸಂಬಳದ ಜೊತೆಗೆ ಇನ್ನೊಂದು ಮಾತನ್ನೂ ಕೇಳೋಣ: ರಸ್ತೆ ದಾಟುವವರ ನಿಮ್ಮ ಪಟ್ಟಿಯಲ್ಲಿ ಯಾರು ಬಿಟ್ಟುಹೋಗಿದ್ದಾರೆ? ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಅವರ ಪಾಲಿನ ಈರ್ಯಾಸಮಿತಿ.