ಕೇಳದಿದ್ದರೂ ಹೇಳಬೇಕಾ?

ಮಾರುವವನು ಸುಳ್ಳು ಹೇಳಬಾರದು ಅನ್ನೋದು ಎಲ್ಲರಿಗೂ ಗೊತ್ತಿರೋ ಮಾತು. ಆದರೆ ಕೊಳ್ಳುವವನು ಕೇಳದೇ ಇದ್ದದ್ದನ್ನು ತಾನಾಗಿಯೇ ಹೇಳಬೇಕಾ? ಸುಮ್ಮನಿದ್ದರೆ ಅದೂ ಸುಳ್ಳೇನಾ? ನಾನು ಓದಿದ್ದು ಏಳನೇ ಕ್ಲಾಸು, ಶಾಸ್ತ್ರ ಗೊತ್ತಿಲ್ಲ. ತಂಬೂರಿ ಮಾರುವಾಗ ಈ ಪ್ರಶ್ನೆ ನನ್ನ ಎದುರಿಗೇ ಬಂದು ಕೂತಿತು. ಅದನ್ನೇ ಬರೀತೀನಿ.

ತಂಬೂರಿ ನಮ್ಮಪ್ಪನದು. ನಾನು ಹುಟ್ಟಿದಾಗ ನಮ್ಮೂರು ಸೇಲಂ ಜಿಲ್ಲೆಗೆ ಸೇರಿತ್ತು; 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಯ್ತು. ಅದಕ್ಕೂ ಮುಂಚೆ ಹಿತ್ತಲ ಹಲಸಿನ ಮರ ಕಡಿಸಿ ಆಚಾರಿ ಕೈಲಿ ಮಾಡಿಸಿದ್ದಂತೆ. ಕಾಯಿ, ದಂಡಿ, ಬಿರಡೆ, ಕುದುರೆ ಎಲ್ಲಾ ಕೈಕೆಲಸ. ಅದನ್ನು ಮೀಟಿಕೊಂಡು ಮೊದಲು ಅಪ್ಪ, ಆಮೇಲೆ ನಾನು, ಶಿವರಾತ್ರಿಗೆ ಮೆಟ್ಟೂರಿಂದ ಕೊಳತ್ತೂರು, ಪಾಲಾರ್ ಮೇಲೆ ಮಾದಪ್ಪನ ಬೆಟ್ಟಕ್ಕೆ ಪದ ಹೇಳ್ತಾ ಹೋಗಿದ್ದೀವಿ.

ಹದಿನೈದು ವರ್ಷದ ಹಿಂದೆ ಬಸ್ಸಿನಲ್ಲಿ ಬಿದ್ದು, ಕಾಯಿಗೆ ದಂಡಿ ಸೇರೋ ಕಡೆ ಸೀಳು ಬಿಟ್ಟಿತು. ಅರಗು, ಮರದ ಪುಡಿ ಸೇರಿಸಿ ನಾನೇ ತುಂಬಿದೆ. ಬೇಸಿಗೆಯಲ್ಲಿ ಏನೂ ತಿಳಿಯೋಲ್ಲ. ದೀಪಾವಳಿ ಮಳೆ ಹಿಡಿದರೆ ಮರ ತೇವ ಕುಡಿದು ಬೆಸುಗೆ ಸಡಿಲ ಆಗುತ್ತೆ. ಒಂದು ಪದ ಮುಗಿಯೋ ತನಕ ಶ್ರುತಿ ನಿಲ್ಲೋಲ್ಲ.

ಹೋದ ಬೇಸಿಗೇಲಿ ಬೋರಿನ ಮೋಟಾರು ಸುಟ್ಟು ಹೋಯ್ತು. ಹೊಲದಲ್ಲಿ ಟೊಮೇಟೊ ಗಿಡ ಹೂ ಬಿಟ್ಟಿತ್ತು. ಪಾಲಕೋಡು ಮಾರ್ಕೆಟ್ಟಿಗೆ ಹಣ್ಣು ಹಾಕಿದರೇನೇ ನಮ್ಮ ವರ್ಷ ಸಾಗೋದು. ತಂಬೂರಿ ಕೊಡ್ತೀನಿ ಅಂತ ನಾಲ್ಕು ಜನಕ್ಕೆ ಹೇಳಿದೆ. ಅಂಚೆಟ್ಟಿ ಕಡೆಯ ಒಬ್ಬ ಮೇಷ್ಟ್ರು ಬಂದರು, ಚಿಕ್ಕ ವಯಸ್ಸು. ಕುದುರೆ ಮೇಲೆ ಜೀವಾಳದ ದಾರ ಸರಿಮಾಡಿ ಮೀಟಿ ತೋರಿಸಿದೆ. ಬಿಸಿಲ ದಿನ, ನಾದ ಜೇನಿನ ಹಾಗೆ ಬಂತು. "9,000 ಕೊಡ್ತೀನಿ ದೊಡ್ಡಪ್ಪ" ಅಂದರು. ಬೇರೇನೂ ಕೇಳಲಿಲ್ಲ.

ನನ್ನ ಹೆಂಡತಿ ಒಳಗೆ ಕರೆದು ಹೇಳಿದಳು: "ಅವರು ಕೇಳಲಿಲ್ಲ, ನೀವು ಹೇಳಬೇಡಿ. ಅವರಿಗೆ ತಿಂಗಳಿಗೆ ಸಂಬಳ ಬರುತ್ತೆ. ನಮಗೆ ನೀರು ಬಂದರೆ ಉಂಟು." ಅವಳ ಮಾತು ಕೆಟ್ಟ ಮಾತಲ್ಲ. ಗಿಡಕ್ಕೆ ಕೊಡ ಹೊತ್ತು ನೀರು ಹಾಕ್ತಾ ಇದ್ದವಳು ಅವಳೇ.

ಆಗ ನನಗೆ ಒಂದು ಎತ್ತು ನೆನಪಾಯ್ತು. ಹರೆಯದಲ್ಲಿ ಸಂತೇಲಿ ಮಾರಿದ್ದೆ. ಬಿಸಿಲೇರಿದರೆ ನೊಗದಲ್ಲೇ ಮಲಗಿಬಿಡೋ ಎತ್ತು. ಕೊಂಡವನು ಹಲ್ಲು ನೋಡಿದ, ಸುಳಿ ನೋಡಿದ, ನಡೆಸಿ ನೋಡಿದ. ಟವಲ್ ಕೆಳಗೆ ಬೆರಳು ಹಿಡಿದು ದರ ಮಾಡಿದ್ವಿ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮುಂದಿನ ವರ್ಷ ಅದೇ ಸಂತೇಲಿ ಸಿಕ್ಕಿದ. ಬೈತಾನೆ ಅಂದುಕೊಂಡೆ. "ಅಣ್ಣಾ, ನೀನು ಸುಳ್ಳೇನೂ ಹೇಳಲಿಲ್ಲ ಬಿಡು" ಅಂದು ಹೊರಟುಹೋದ. ಬೈದಿದ್ದರೆ ಮರೆತುಹೋಗ್ತಿತ್ತು.

ದಲ್ಲಾಳಿಗಳು ಹೇಳೋದುಂಟು, ಸಂತೆಗೆ ಬಂದವನಿಗೆ ಕಣ್ಣಿರಬೇಕು ಅಂತ. ಕಣ್ಣಿಗೆ ಕಾಣೋ ವಿಷಯಕ್ಕೆ ಆ ಮಾತು ಸರಿ. ಬಿರಡೆ ಸವೆದಿದೆಯಾ, ತಂತಿಗೆ ತುಕ್ಕು ಹಿಡಿದಿದೆಯಾ, ನೋಡಿಕೊಳ್ಳೋದು ಅವನ ಕೆಲಸ. ಆದರೆ ಒಂದು ಮಳೆಗಾಲ ಜೊತೇಲಿ ಬಾಳಿದವನಿಗೆ ಮಾತ್ರ ತಿಳಿಯೋ ದೋಷಕ್ಕೆ ಕೊಳ್ಳುವವನ ಕಣ್ಣು ಏನು ಮಾಡೀತು? ಅಂಗಡಿ ಸಾಮಾನು ಒಂದರ ಹಾಗೆ ಇನ್ನೊಂದಿರುತ್ತೆ, ಬೇರೆಯವರನ್ನು ವಿಚಾರಿಸಬಹುದು. ಕೈಯಿಂದ ಮಾಡಿದ್ದು ಲೋಕದಲ್ಲಿ ಅದೊಂದೇ. ಅದರ ಗುಣ ಬಲ್ಲವನೂ ಒಬ್ಬನೇ. ಆ ಒಬ್ಬ ಬಾಯಿ ಮುಚ್ಚಿದರೆ ಕೇಳೋಕೆ ಬೇರೆ ಬಾಗಿಲೇ ಇಲ್ಲ.

ಬಡವನಿಗೂ ಅದೇ ನ್ಯಾಯಾನಾ ಅಂತ ಯಾರಾದರೂ ಕೇಳಬಹುದು. ಬಡವ "ಕಷ್ಟದಲ್ಲಿದ್ದೀನಿ, ಇನ್ನೊಂದು 500 ಸೇರಿಸಿ ಕೊಡಿ" ಅನ್ನಬಹುದು, ತಪ್ಪಿಲ್ಲ. ಎದುರಿನವನು ಒಲ್ಲೆ ಅನ್ನಬಹುದು. ಮುಚ್ಚಿಟ್ಟರೆ ಒಲ್ಲೆ ಅನ್ನೋ ದಾರಿಯನ್ನೇ ಅವನಿಂದ ಕಿತ್ತುಕೊಂಡ ಹಾಗೆ.

ಹೊರಗೆ ಬಂದು ಸೀಳು ತೋರಿಸಿದೆ, ಮಳೆಗಾಲದ ಕಥೆ ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಹತ್ತಿರ ಹವಾಯಿ ಗಿಟಾರ್ ಇದೆಯಂತೆ. ತೊಡೆ ಮೇಲೆ ಮಲಗಿಸಿ, ತಂತಿ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸೋದು. ನಮ್ಮ ಗೋಟುವಾದ್ಯದಲ್ಲಿ ಮರದ ತುಂಡು ಜಾರಿಸ್ತಾರಲ್ಲ, ಹಾಗೇ. ಯಾರೋ ಕೈಯಲ್ಲಿ ಮಾಡಿದ್ದ ಹಳೇ ಗಿಟಾರು. ಕೊಂಡ ಎರಡೇ ತಿಂಗಳಿಗೆ ತಂತಿಯ ಎಳೆತಕ್ಕೆ ಅದರ ಕುದುರೆ ಕಿತ್ತು ಬಂತಂತೆ. ನೋಡಿದರೆ ಹಿಂದೊಮ್ಮೆ ಅಂಟು ಹಾಕಿ ಮೆತ್ತಿದ್ದದ್ದು. "ಮಾರಿದವನು ಹೇಳಲೇ ಇಲ್ಲ. ಹೇಳಿದ್ದರೂ ನಾನು ತಗೊಳ್ತಿದ್ದೆ ದೊಡ್ಡಪ್ಪ, ಆದರೆ ಗೊತ್ತಿದ್ದು ತಗೊಳ್ತಿದ್ದೆ" ಅಂದರು. 6,000 ಎಣಿಸಿ ಕೊಟ್ಟು ತಂಬೂರಿ ತಗೊಂಡು ಹೋದರು.

ಮಿಕ್ಕ 3,000 ಬಡ್ಡಿಗೆ ತಂದೆ. ಮೋಟಾರು ಬರೋ ಹೊತ್ತಿಗೆ ಎರಡು ಸಾಲು ಗಿಡ ಒಣಗಿತ್ತು. ಹೆಂಡತಿ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ನಿಜ ಹೇಳಿದವನಿಗೆ ದೇವರು ಕೈತುಂಬ ಕೊಟ್ಟ ಅಂತ ಬರೆಯೋಕೆ ನನ್ನಿಂದ ಆಗೋಲ್ಲ, ಕೊಡಲಿಲ್ಲ.

ಇನ್ನೊಂದು ಅನುಮಾನವೂ ಇದೆ. ದೋಷ ಕೇಳಿ ಅವರು ಬೇಡ ಅಂದುಬಿಡಲಿ, ಅಪ್ಪನ ತಂಬೂರಿ ಮನೇಲೇ ಉಳೀಲಿ ಅನ್ನೋ ಆಸೆಗೆ ಹೇಳಿದೆನೋ ಏನೋ. ಇದ್ದರೂ ಇರಬಹುದು. ನನ್ನ ಒಳಗಿನದು ಹೇಗೇ ಇರಲಿ, ಅವರ ಕಿವಿಗೆ ಬಿದ್ದ ಮಾತು ನಿಜವಾಗಿತ್ತು. ಕೊಳ್ಳುವವನಿಗೆ ಬೇಕಾದ್ದು ಅಷ್ಟು.

ದೀಪಾವಳಿ ಮಳೆ ಹಿಡಿದಾಗ ಮೇಷ್ಟ್ರು ಫೋನ್ ಮಾಡಿದರು. "ನೀವು ಹೇಳಿದ ಹಾಗೇ ಶ್ರುತಿ ಇಳೀತಾ ಇದೆ. ಅರಗು ಹೇಗೆ ಕಾಯಿಸಬೇಕು?" ನಾನು ಒಂದೊಂದಾಗಿ ಹೇಳಿಕೊಟ್ಟೆ. ಹೆಂಡತಿ ಪಕ್ಕದಲ್ಲಿ ಕೂತು ಕೇಳ್ತಾ ಇದ್ದಳು. "ಬೆಂಕಿ ಸಣ್ಣಗಿರಲಿ ಅಂತ ಹೇಳಿ" ಅಂದಳು.